ಗೇಟಿನಾಚೆ ಉಳಿದ ಪದ್ಮಾಕ್ಷಿ

ಕೊಯಮತ್ತೂರಿನ ಕಡೆಯ ನೇಕಾರರ ಊರು ಸಿರುಮುಗೈಯ ಪದ್ಮಾಕ್ಷಿ ನಲವತ್ತೊಂಬತ್ತು ವರ್ಷದವರೆಗೂ ಪಳನಿ ದಾಟಿ ಹೋದವಳಲ್ಲ. ಹನ್ನೆರಡನೇ ವಯಸ್ಸಿಗೆ ಅಪ್ಪನ ಮಗ್ಗದ ಗುಂಡಿಗೆ ಇಳಿದವಳು, ಮದುವೆಯಾದ ಮೇಲೆ ಗಂಡ ದೊರೈಸಾಮಿಯ ಮನೆಯ ಮಗ್ಗಕ್ಕೆ ಬಂದಳು, ಅಷ್ಟೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ಓದಲು ಬರುತ್ತಿದ್ದದ್ದೂ ತಮಿಳು ಮಾತ್ರ. ಅವಳು ರೇಷ್ಮೆ ಸೆರಗಿನಲ್ಲಿ ಎಬ್ಬಿಸುತ್ತಿದ್ದ ನವಿಲುಗಳನ್ನು ಕಂಡ ವ್ಯಾಪಾರಿಯೊಬ್ಬರು ೨೦೨೦ರ ಮಾರ್ಚ್ ತಿಂಗಳಲ್ಲಿ ಕೌಲಾಲಂಪುರದ ಸೀರೆ ಪ್ರದರ್ಶನಕ್ಕೆ ಕರೆದರು. ಜನರೆದುರು ಕೂತು ನೇಯ್ದು ತೋರಿಸಬೇಕು. ಹದಿನೈದು ದಿನದ ಕೆಲಸ. ಕಾಗದಪತ್ರ ನೋಡಿಕೊಳ್ಳಲು ವ್ಯಾಪಾರಿಯ ಕಡೆಯ ಸತೀಶ್‌ಕುಮಾರ್ ಜೊತೆಗಿರುತ್ತಾನೆ. ತಿರುಪ್ಪೂರಿನವನು, ನಾಲ್ಕಾರು ಸಲ ವಿಮಾನ ಹತ್ತಿಳಿದವನು.

“ಹೋಗ್ಬಿಟ್ಟು ಬಾ. ನಮ್ ಬೀದೀಲಿ ಯಾರಿಗ್ ಸಿಕ್ಕೈತೆ ಇಂಥ ವಾಯ್ಪು, ಇಂಥ ಅವಕಾಶ?” ಎಂದ ದೊರೈಸಾಮಿ.

ಎಂಟು ದಿನ ಎಲ್ಲ ಸರಿಯಿತ್ತು. ಒಂಬತ್ತನೇ ದಿನ, ಹರಡುತ್ತಿದ್ದ ಹೊಸ ಕಾಯಿಲೆಯ ಹೆದರಿಕೆಗೆ, ಪ್ರದರ್ಶನದ ಬಾಗಿಲು ಮುಚ್ಚಿತು. ಊರೆಲ್ಲ ಮುಚ್ಚುತ್ತದಂತೆ, ಇವತ್ತೇ ಹೊರಡಬೇಕು ಎಂದು ಸತೀಶ್‌ಕುಮಾರ್ ಹೇಗೋ ತಿರುಚ್ಚಿ ವಿಮಾನಕ್ಕೆ ಎರಡು ಸೀಟು ಹಿಡಿದ. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು, ಗೇಟಿನ ಮುಂದೆ ಕೂತರು. ಆಗ ಗೋಡೆಯ ಮೇಲಿನ ಪರದೆಯಲ್ಲಿ ಅವರ ವಿಮಾನದ ಹೆಸರಿನ ಪಕ್ಕ ಕೆಂಪು ಅಕ್ಷರ ಮೂಡಿತು. ಇಂಡಿಯಾ ಈ ದೇಶದಿಂದ ಬರುವವರನ್ನು ಇವತ್ತಿನಿಂದಲೇ ಒಳಗೆ ಬಿಡುವುದಿಲ್ಲವಂತೆ. ಹಿಂದಕ್ಕೆ ಊರೊಳಗೆ ಹೋಗೋಣವೆಂದರೆ ಈ ದೇಶ ಬಿಟ್ಟು ಹೊರಟದ್ದಕ್ಕೆ ಮುದ್ರೆ ಬಿದ್ದಾಗಿತ್ತು.

“ಹಂಗಾದ್ರೆ ನಾವು ಈಗ ಯಾವ ಊರಲ್ಲಿದ್ದೀವಪ್ಪಾ?” ಎಂದು ಪದ್ಮಾಕ್ಷಿ ತಮಿಳಿನಲ್ಲಿ ಕೇಳಿದಳು.

ಸತೀಶ್‌ಕುಮಾರ್ ಕುರ್ಚಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡ. ಅವನ ಹಣೆ ಬೆವರಿತ್ತು, ತುಟಿ ಒಣಗಿತ್ತು. ಸ್ವಲ್ಪ ಹೊತ್ತಿಗೆ ಬಿಳಿ ಬಟ್ಟೆ ತೊಟ್ಟ ಇಬ್ಬರು ಸಾಲಾಗಿ ಎಲ್ಲರ ಹಣೆಗೂ ಯಂತ್ರ ಹಿಡಿಯುತ್ತ ಬಂದರು. ಅವನ ಮುಂದೆ ಯಂತ್ರ ಕೂಗಿತು. ಗಾಲಿಕುರ್ಚಿ ಬಂತು. ಅವನು ಅವಳ ಪಾಸ್‌ಪೋರ್ಟನ್ನು ಬ್ಯಾಗಿನಿಂದ ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟ; ಕೈ ತಾಗಬಾರದೆಂದೋ ಏನೋ, ಕೈಗೆ ಕೊಡಲಿಲ್ಲ. ಬಿಳಿ ಬಟ್ಟೆಯವರಲ್ಲೊಬ್ಬ ಅವಳತ್ತ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿ, ಬೆರಳಿನಿಂದ ಅವನನ್ನೂ ಅವಳನ್ನೂ ತೋರಿಸಿದ. ಮಾತು ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು. ಇವನ ಜೊತೆ ಬಂದವಳೇ ನೀನು?

ಪದ್ಮಾಕ್ಷಿಯ ತಲೆ ಇಲ್ಲವೆಂದು ಅಲ್ಲಾಡಿತು. ಅಲ್ಲಾಡಿಸಬೇಕು ಅಂದುಕೊಂಡಿರಲಿಲ್ಲ. ಗಾಲಿಕುರ್ಚಿ ತಿರುವಿನಲ್ಲಿ ಮರೆಯಾಗುವವರೆಗೂ ಸತೀಶ್‌ಕುಮಾರ್ ಹಿಂತಿರುಗಿ ನೋಡಲಿಲ್ಲ.

ಆಮೇಲೆ ಅವಳು ಮನೆಗೆ ಫೋನು ಮಾಡಲು ನೋಡಿದಳು. ಬಟನ್ ಫೋನಿಗೆ ಇಲ್ಲಿ ಜೀವವಿಲ್ಲ. ನೂರಾರು ಜನ ನೆಲದ ಮೇಲೆ ಚೀಲ ತಲೆಗಿಟ್ಟು ಬಿದ್ದಿದ್ದರು. ಯಾರು ಕೆಮ್ಮಿದರೂ ಸುತ್ತಲಿನವರು ಜರುಗುತ್ತಿದ್ದರು. ಅವಳ ಗಂಟಲಲ್ಲೂ ಏನೋ ಕೆರೆಯುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ತಡೆದಳು. ಇಲ್ಲೇ ಸತ್ತರೆ ಯಾವ ಊರಿನವಳೆಂದು ಹೇಳುವವರು ಯಾರು? ಸಿಕ್ಕ ಕಾಗದದ ಮೇಲೆ ತಮಿಳಿನಲ್ಲಿ “ಪದ್ಮಾಕ್ಷಿ, ಗಂಡ ದೊರೈಸಾಮಿ, ಸಿರುಮುಗೈ” ಎಂದು ಬರೆದು ರವಿಕೆಯೊಳಗೆ ಪಿನ್ನು ಹಾಕಿಕೊಂಡಳು.

“ಅಕ್ಕಾ, ಅಳಾತೀಂಗ,” ಎಂದಿತು ಒಂದು ದನಿ. ಅಳಬೇಡಿ ಎನ್ನುವ ಆ ಮಾತಿನ ಎಳೆತದಲ್ಲೇ ಕೊಯಮತ್ತೂರಿನ ಕಡೆಯವಳೆಂದು ಗೊತ್ತಾಯಿತು. ಧರಣಿ ಎಂಬ ಹುಡುಗಿ; ಫಿಲಿಪೈನ್ಸ್‌ನಲ್ಲಿ ಡಾಕ್ಟರ್ ಓದುತ್ತಿದ್ದವಳು, ನಡುದಾರಿಯಲ್ಲಿ ಸಿಕ್ಕಿಬಿದ್ದಿದ್ದಳು. ಅವಳ ಫೋನಿನಿಂದ ದೊರೈಸಾಮಿಯ ಜೊತೆ ಒಂದು ನಿಮಿಷ ಮಾತಾಯಿತು. ಧರಣಿ ತನ್ನ ಬನ್ನಿನಲ್ಲಿ ಅರ್ಧ ಮುರಿದು ಕೊಟ್ಟಳು. ಪದ್ಮಾಕ್ಷಿ ತಿಂದಳು, ಆದರೆ ಉಸಿರು ತಾಗದಿರಲೆಂದು ಮುಖ ಅತ್ತ ತಿರುಗಿಸಿಕೊಂಡು.

ಮರುದಿನ ಮಧ್ಯಾಹ್ನ ಸುದ್ದಿ ಬಂತು: ಒಂದೇ ಒಂದು ವಿಮಾನಕ್ಕೆ ಅಪ್ಪಣೆ ಸಿಕ್ಕಿದೆ, ವಿಶಾಖಪಟ್ಟಣಕ್ಕೆ. ಜನ ಎದ್ದು ನುಗ್ಗಿದರು. ಎಲ್ಲರೂ ಒಂದು ಫಾರಂ ತುಂಬಬೇಕಿತ್ತು. ಧರಣಿ ಪೆನ್ನು ಹಿಡಿದು ಅವಳ ಪಕ್ಕ ಕೂತು ಒಂದೊಂದಾಗಿ ತಮಿಳಿನಲ್ಲಿ ಓದಿ ಹೇಳಿದಳು. ಹೆಸರು, ಊರು, ಜ್ವರ ಇದೆಯೇ, ಕೆಮ್ಮು ಇದೆಯೇ. ಕೊನೆಗೆ, “ಕಾಯಿಲೆ ಇದ್ದವರ ಜೊತೆ ಇದ್ರಾ ಅಂತ ಕೇಳಿದ್ದಾರಕ್ಕಾ. ಇಲ್ಲಾಂತ ಬರೀಲಾ?”

ಪದ್ಮಾಕ್ಷಿ ಪೆನ್ನಿನ ಮೊನೆಯನ್ನೇ ನೋಡಿದಳು. ಇಲ್ಲವೆಂದರೆ ಸಂಜೆಗೆ ನಮ್ಮ ನೆಲ. ಎದುರಿಗೆ ತುಂಬು ಬಸುರಿಯೊಬ್ಬಳು ಚೀಲದ ಮೇಲೆ ಕೂತು ಸಾಲು ಸರಿಯುವುದನ್ನು ಕಾಯುತ್ತಿದ್ದಳು. ಪಕ್ಕದಲ್ಲಿ ಈ ಹುಡುಗಿ. ನಿನ್ನೆಯಿಂದ ತನ್ನ ಭುಜಕ್ಕೆ ಭುಜ ತಾಗಿಸಿ ಕೂತಿದ್ದಾಳೆ.

“ಕಣ್ಣೂ, ನನ್ ಮಗಳೇ, ಸ್ವಲ್ಪ ದೂರ ಕೂತ್ಕೋ,” ಎಂದಳು. “ನಿನ್ನೆ ಕುರ್ಚೀಲಿ ಕೂರಿಸ್ಕೊಂಡು ಹೋದ್ರಲ್ಲ, ಅವನು ನನ್ ಜೊತೆ ಬಂದವನು. ಎಂಟು ದಿನ ಒಟ್ಟಿಗೇ ಊಟ ಮಾಡಿದ್ದೀವಿ. ನಿನ್ನೆ ಕೇಳ್ದಾಗ ಪಯದಲ್ಲಿ, ಹೆದರಿಕೇಲಿ, ಇಲ್ಲಾಂತ ತಲೆ ಆಡಿಸಿಬಿಟ್ಟೆ. ಇದ್ದೆ ಅಂತ ಬರಿ.”

ಧರಣಿಯ ಮುಖ ಬಿಳಿಚಿಕೊಂಡಿತು. ಅವಳು ಎರಡು ಮಾರು ಹಿಂದೆ ಸರಿದಳು. ಆದರೂ ಫಾರಂ ಪೂರ್ತಿ ಬರೆದು, ನೆಲದ ಮೇಲಿಟ್ಟು, ಅಧಿಕಾರಿಯನ್ನು ತಾನೇ ಹೋಗಿ ಕರೆತಂದಳು. ಪದ್ಮಾಕ್ಷಿಯನ್ನು ಒಂದು ಕಡೆಗೂ, ತಾಗಿ ಕೂತಿದ್ದಕ್ಕೆ ಧರಣಿಯನ್ನು ಇನ್ನೊಂದು ಕಡೆಗೂ ಕರೆದೊಯ್ದರು. ವಿಮಾನ ಇಬ್ಬರನ್ನೂ ಬಿಟ್ಟು ಹಾರಿತು.

ಆಸ್ಪತ್ರೆಯ ಕೋಣೆಯಲ್ಲಿ ಅವಳು ಹದಿನಾಲ್ಕು ದಿನ ಒಬ್ಬಳೇ ಇದ್ದಳು. ಊಟ ಬಾಗಿಲ ಹೊರಗಿಟ್ಟು ಹೋಗುತ್ತಿದ್ದರು. ಕನ್ನಡ ಮರೆತೇ ಹೋದೀತೆಂಬ ಭಯಕ್ಕೆ ಗೋಡೆಯ ಜೊತೆ ಮಾತಾಡಿದಳು. ಚೌಡೇಶ್ವರಿಗೆ ಹರಕೆ ಹೊತ್ತಳು. ಸುಮ್ಮನೆ ಗಾಳಿಯಲ್ಲಿ ಕಾಲಾಡಿಸಿ ಮಗ್ಗ ತುಳಿದಳು. ಮೂರನೇ ದಿನ ಅಲ್ಲಿನ ತಮಿಳು ನರ್ಸಮ್ಮನೊಬ್ಬಳು ಕಿಟಕಿಯ ಗಾಜಿನಾಚೆಯಿಂದ ತಮಿಳಿನಲ್ಲಿ ಹೇಳಿದಳು: ಸತೀಶ್‌ಕುಮಾರ್‌ಗೆ ಅದೇ ಕಾಯಿಲೆ, ಆಮ್ಲಜನಕ ಹಾಕಿದ್ದಾರೆ. ಆಗ ತನ್ನ ಸರದಿ ಬಂತೆಂದೇ ಪದ್ಮಾಕ್ಷಿ ತಿಳಿದಳು. ಅವಳ ಪರೀಕ್ಷೆಯಲ್ಲಿ ಎರಡು ಸಲವೂ ಏನೂ ಕಾಣಲಿಲ್ಲ. ಧರಣಿಗೂ ಏನೂ ಆಗಿರಲಿಲ್ಲ. ತಿಂಗಳಾದ ಮೇಲೆ ಸತೀಶ್‌ಕುಮಾರ್ ಎದ್ದು ಕೂತ. ಫೋನಿನಲ್ಲಿ ಅವಳು ಅತ್ತು ಆ ತಲೆಯಾಡಿಸಿದ್ದನ್ನು ಹೇಳಿದಾಗ, “ನಾನಾಗಿದ್ರೂ ಅದೇ ಮಾಡ್ತಿದ್ದೆ, ಬಿಡಿಯಕ್ಕಾ,” ಎಂದ. ಬಿಡಲು ಅವಳಿಗೆ ಆಗಲಿಲ್ಲ.

ವಿಮಾನಗಳೆಲ್ಲ ನಿಂತಿದ್ದರಿಂದ ಅಲ್ಲೇ ಉಳಿಯಬೇಕಾಯಿತು; ಸರ್ಕಾರ ಕಳಿಸಿದ ವಿಮಾನದಲ್ಲಿ ತಿರುಚ್ಚಿಗೆ ಬಂದಿಳಿದದ್ದು ಮೇ ತಿಂಗಳಲ್ಲಿ. ಅಲ್ಲೂ ಒಂದಷ್ಟು ದಿನ ಕೂಡಿಹಾಕಿ, ಆಮೇಲೆ ಊರಿಗೆ ಬಿಟ್ಟರು. ಬೀದಿಯ ಬಾಗಿಲುಗಳೆಲ್ಲ ಅವಳು ನಡೆದಂತೆ ಮುಚ್ಚಿದವು. ಮನೆಯ ಬಾಗಿಲು ತೆರೆದ ದೊರೈಸಾಮಿಯೂ, ಅವಳನ್ನು ಕಂಡವನೇ, ಒಂದು ಹೆಜ್ಜೆ ಹಿಂದಿಟ್ಟ. ಇಬ್ಬರಿಗೂ ಅದು ಗೊತ್ತಾಯಿತು.

“ಪಯ ಆಯ್ತು ಪದ್ಮಾ,” ಎಂದ ಅವನು, ತಲೆ ತಗ್ಗಿಸಿ.

“ನನಗೂ ಆಗಿತ್ತು,” ಎಂದಳು ಅವಳು. ಮಗ್ಗದ ಕೋಣೆಗೆ ಹೋಗಿ ತಾನೇ ಬಾಗಿಲೆಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಹೊರಗೆ ರಾಟೆ ತಿರುಗುವ ಸದ್ದು ಕೇಳಿತು. ದೊರೈಸಾಮಿ ಬಾಗಿಲಿಗೊರಗಿ ಕೂತು ನೂಲು ಸುತ್ತುತ್ತಿದ್ದ. ಸುತ್ತಿದ ನೂಲಿನ ಕಂಡಿಕೆಗಳನ್ನು, ಅವಳ ಲಾಳಿಗೆಂದು, ಒಂದೊಂದಾಗಿ ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ಉರುಳಿಸುತ್ತಿದ್ದ.