ಕೂಗರ್ ಕಂಡ ಡಾಕ್ಟರ್ ಆಂಟಿ

ಏನನ್ನೇ ದಿಟ್ಟಿಸಿ ನೋಡಲಿ, ಡಾಕ್ಟರ್ ಆಂಟಿಯ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹಳೇ ಒಂಟಿಕಣ್ಣಿನ ಮೈಕ್ರೋಸ್ಕೋಪಿನಲ್ಲಿ ಪೆಥಾಲಜಿ ಕಲಿತವರು. ಆ ಅಭ್ಯಾಸ ಅಮೆರಿಕಕ್ಕೆ ಬಂದು ರಿಟೈರ್ ಆದಮೇಲೂ ಹೋಗಿರಲಿಲ್ಲ. ನಮ್ಮೂರು ಮಾರಿಸ್‌ವಿಲ್‌ನಲ್ಲಿ ಎಲ್ಲರೂ ಅಡುಗೆ ತಂದು ಉಣ್ಣುವ ಪಾಟ್‌ಲಕ್ ಒಂದರಲ್ಲಿ ನನ್ನ ಬಿಸಿಬೇಳೆಬಾತನ್ನೂ ಹಾಗೇ ನೋಡಿ, ಒಂದು ಚಮಚ ತಿಂದು, "ಉಪ್ಪು ಕಮ್ಮಿ ಆಗೇತಿ. ಉಳಿದದ್ದು ಛಲೋ ಐತಿ" ಎಂದರು. ಬೇರೆಯವರೆಲ್ಲ "ಸೂಪರ್" ಅಂದಿದ್ದರು. ನನಗೆ ಹಿಡಿಸಿದ್ದು ಆಂಟಿಯ ಮಾತು.

ನಾನಾಗ ಗಂಡನ ವೀಸಾ ಹಿಡಿದು ಬಂದ ಹೊಸಬಳು. ಎಂ.ಎಸ್ಸಿ. ಓದಿದ್ದರೂ ಕೆಲಸ ಮಾಡುವಂತಿಲ್ಲ. ದಿನವಿಡೀ ಟೌನ್‌ಹೌಸಿನ ಕಿಟಕಿ ಕಾಯುವುದೇ ಉದ್ಯೋಗ. ಅದನ್ನು ತಪ್ಪಿಸಿದ್ದು ಒಂದು ಕೂಗರ್.

ಕೂಗರ್ ಅಂದರೆ ಚಿರತೆಯಷ್ಟು ದೊಡ್ಡದಾದ, ಚುಕ್ಕೆಗಳಿಲ್ಲದ ಕಂದು ಬಣ್ಣದ ಕಾಡುಪ್ರಾಣಿ. ಅಮೆರಿಕದ ಈ ಪೂರ್ವದ ಕಡೆಯ ಕಾಡುಗಳಿಂದ ಅದು ಎಂದೋ ಅಳಿದುಹೋಯಿತೆಂದು ಸರ್ಕಾರಿ ತಜ್ಞರು ಹೇಳುತ್ತಾರೆ. ಕಂಡೆವೆನ್ನುವವರೂ ಊರಿಗೊಬ್ಬರು ಇದ್ದಾರೆ. ಷಾರ್ಲೆಟ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದ ಒಂದು ಸಂಜೆ, ಯುವಾರಿ ಕಾಡಿನ ರಸ್ತೆಯಲ್ಲಿ ಅದು ಆಂಟಿಯ ಕಾರಿನ ಮುಂದೆಯೇ ದಾಟಿತಂತೆ. ಪಕ್ಕದ ಸೀಟಿನಲ್ಲಿದ್ದ ಅವರ ಗಂಡ ಅಂಕಲ್‌ಗೆ ಗೊರಕೆ.

"ಯಾವುದೋ ನಾಯಿ ಇರಬೇಕು ಬಿಡ," ಎನ್ನುತ್ತಿದ್ದರು ಅಂಕಲ್.

"ನಾಯಿಗೆ ಅಂಥಾ ಬಾಲ ಇರತೈತೇನ್ರಿ? ಮೈಯಷ್ಟ ಉದ್ದ ಬಾಲ!"

ಆಂಟಿ ವನ್ಯಜೀವಿ ಇಲಾಖೆಗೆ ಫೋನ್ ಮಾಡಿದರು. ಮೋಟುಬಾಲದ ಕಾಡುಬೆಕ್ಕು ಬಾಬ್‌ಕ್ಯಾಟ್ ನೋಡಿರಬೇಕು ಎಂದರು ಅಲ್ಲಿಯವರು. ದೇವಸ್ಥಾನದ ಊಟದ ಹಾಲ್‌ನಲ್ಲಿ "ಆಂಟಿ, ನಿಮ್ಮ ಹುಲಿ ಸಿಕ್ತಾ?" ಎಂಬುದು ತಮಾಷೆಯ ಮಾತಾಯಿತು. ಆಂಟಿ ಜಗಳವಾಡಲಿಲ್ಲ. ಪ್ರಾಣಿ ಸುಳಿದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾಗಳನ್ನು ಕೊಂಡರು. ಕಾಡಿನಂಚಿನಲ್ಲಿ ಆಡು ಸಾಕಿಕೊಂಡಿದ್ದ ಒಬ್ಬ ಅಮೆರಿಕನ್ ರೈತನ ಒಪ್ಪಿಗೆ ಪಡೆದು ಅವನ ಜಮೀನಿನ ಮರಗಳಿಗೆ ಕಟ್ಟಿದರು. ಮೊಣಕಾಲು ನೋವಿದ್ದುದರಿಂದ ಜೊತೆಗೊಬ್ಬರು ಬೇಕಿತ್ತು. "ತಂಗಿ, ಮನ್ಯಾಗ ಕುಂತು ಏನ್ ಮಾಡ್ತೀ, ಬಾ" ಎಂದು ನನ್ನನ್ನು ಕರೆದರು. ಕಾಡುರಸ್ತೆಯಲ್ಲಿ ಡ್ರೈವಿಂಗ್ ಕಲಿಸಿದವರೂ ಅವರೇ. ಶನಿವಾರ ಬಂತೆಂದರೆ ಚಟ್ನಿಪುಡಿ ಹಚ್ಚಿದ ಚಪಾತಿ ಸುತ್ತಿಕೊಂಡು ಹೊರಡುತ್ತಿದ್ದೆವು. ವರ್ಷಗಳು ಕಳೆದರೂ ಫೋಟೋಗಳಲ್ಲಿ ಸಿಕ್ಕಿದ್ದು ಜಿಂಕೆ, ರಕೂನ್, ಬಾಬ್‌ಕ್ಯಾಟ್.

ಒಂದು ಬೆಳಿಗ್ಗೆ ರೈತನೇ ಫೋನ್ ಮಾಡಿದ. ಎರಡು ಆಡು ಸತ್ತುಬಿದ್ದಿದ್ದವು. ನಾವು ಹೋಗುವಷ್ಟರಲ್ಲಿ ಊರಿನ ಪತ್ರಿಕೆಯವಳೊಬ್ಬಳು ಕ್ಯಾಮೆರಾ ಹಿಡಿದು ನಿಂತಿದ್ದಳು. "ಡಾಕ್ಟರ್, ಕೊನೆಗೂ ನಿಮ್ಮ ಕೂಗರ್ ಬಂತು. ಇವರಿಗೆ ಹೇಳಿ" ಎಂದ ರೈತ. ಆಂಟಿ ಗ್ಲೌಸ್ ಹಾಕಿ, ನೋವು ನುಂಗಿ ಮಂಡಿಯೂರಿದರು. ಗಂಟಲು ನೋಡಿದರು, ಕಿವಿ ನೋಡಿದರು, ಹರಿದ ಹಿಂಗಾಲುಗಳನ್ನು ಎತ್ತಿ ಎತ್ತಿ ನೋಡಿದರು.

"ಕೂಗರ್ ಗಂಟಲಿಗೋ ಕತ್ತಿಗೋ ಬಾಯಿ ಹಾಕುತ್ತದೆ. ಇಲ್ಲಿ ಎಲ್ಲೆಂದರಲ್ಲಿ ಕಚ್ಚಿವೆ. ಇದು ನಾಯಿಗಳ ಕೆಲಸ. ಹಾಗೆಯೇ ಬರೆಯಿರಿ" ಎಂದು ಪತ್ರಿಕೆಯವಳಿಗೆ ಇಂಗ್ಲಿಷಿನಲ್ಲಿ ಹೇಳಿದರು.

ವಾಪಸ್ ಬರುವಾಗ ನನಗೆ ತಡೆಯಲಾಗಲಿಲ್ಲ. "ಆಂಟಿ, ನೀವು ಸುಮ್ಮನಿದ್ದಿದ್ರೆ ಪೇಪರಲ್ಲಿ ಬರ್ತಿತ್ತು. ನಗೋರ ಬಾಯಿ ಮುಚ್ತಿತ್ತು."

"ಬರ್ತಿತ್ತು. ಖರೇ ಕೂಗರ್ ಸಿಕ್ಕ ದಿನ ನನ್ನ ಮಾತು ಯಾರು ನಂಬ್ತಿದ್ರು?" ಎಂದರು. ಮುಂದಿನ ಶನಿವಾರ ಬ್ಯಾಟರಿ ಬದಲಿಸಲು ಮತ್ತೆ ಹೋದೆವು.

ಆಮೇಲೆ ನನಗೂ ಕೆಲಸ ಮಾಡಲು ಅನುಮತಿ ಸಿಕ್ಕಿ, ಹತ್ತಿರದ ಸಂಶೋಧನಾ ವಲಯ ರಿಸರ್ಚ್ ಟ್ರಯಾಂಗಲ್‌ನ ಲ್ಯಾಬೊಂದಕ್ಕೆ ಸೇರಿದೆ. ಪ್ರಯೋಗದಲ್ಲಿ ಬೇಕಾದ ಉತ್ತರ ಬಾರದಿದ್ದರೆ ಬಾರಲಿಲ್ಲ ಎಂದು ಮೀಟಿಂಗಿನಲ್ಲಿ ಹೇಳುವ ಧೈರ್ಯ ನನಗೆ ಬಂದದ್ದು ಆ ಆಡುಗಳ ಪಕ್ಕದಲ್ಲಿ.

ಆಂಟಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದು ಗೊತ್ತಾದಾಗ ತಡವಾಗಿತ್ತು. ಅವರು ಹಾಸಿಗೆ ಹಿಡಿದ ಮೇಲೆ ನಾನೊಬ್ಬಳೇ ಕಾಡಿಗೆ ಹೋಗಿಬರುತ್ತಿದ್ದೆ. ಒಂದು ದಿನ ಅಂಕಲ್ ನನ್ನನ್ನು ಬಾಗಿಲಲ್ಲೇ ತಡೆದರು. "ಸಿಕ್ಕೇತಿ ಅಂತ ಹೇಳವಾ. ಅಕಿ ಸಮಾಧಾನದಿಂದ ಹೋಗ್ಲಿ."

ಒಳಗೆ ಹೋದೆ. ಆಂಟಿ ನನ್ನ ಮುಖವನ್ನೇ ನೋಡಿದರು. "ಏನ್ ಬಂದೇತಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ ಆಂಟಿ. ಜಿಂಕೆ, ಒಂದು ಬಾಬ್‌ಕ್ಯಾಟ್. ಅಷ್ಟೇ."

"ಹಂಗಾರ ಕ್ಯಾಮೆರಾ ಹಳ್ಳದ ಆಚಿ ದಂಡಿಗೆ ಕಟ್ಟು. ಜಿಂಕಿ ನೀರಿಗೆ ಇಳಿಯೂದು ಅಲ್ಲೇ."

ಅದೇ ವಾರ ಹೋಗಿಬಿಟ್ಟರು.

ಹದಿಮೂರನೆಯ ದಿನದ ಕೆಲಸಗಳು ಮುಗಿದ ಮೇಲೆ ಅಂಕಲ್ ಫೋನ್ ಮಾಡಿ, "ಶನಿವಾರ ಎಷ್ಟಕ್ಕ ಹೊರಡೂದು?" ಎಂದು ಕೇಳಿದರು. ಇಬ್ಬರೂ ಹಳ್ಳ ದಾಟಿದೆವು. ಒಂದು ಓಕ್ ಮರಕ್ಕೆ ಅವರೇ ಕ್ಯಾಮೆರಾ ಇಟ್ಟು ಪಟ್ಟಿ ಬಿಗಿದರು.

"ನನಗ ಇನ್ನೂ ನಂಬಿಕಿ ಇಲ್ಲ ನೋಡು," ಎಂದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ನನ್ನನ್ನು ಕೇಳಿದರು: "ಒಂದು ಸ್ವಲ್ಪ ಕೆಳಗ ಕಟ್ಟೂಣೇನು?"