ದರ್ಜಿ ಮಾವನ ಅರ್ಧ ಕ್ಷೌರ

ಕತ್ತರಿಗಿಂತ ನನ್ನ ಬಾಯಿಯೇ ಹರಿತ ಎಂಬುದು ಸಲೂನಿನ ಮಾಲೀಕರ ದೂರು. ಸಂಬಳ ಮಾತ್ರ ಕತ್ತರಿಯ ಲೆಕ್ಕದಲ್ಲೇ ಕೊಡುತ್ತಾರೆ. ಅಂಥ ನಾನು ಬಾಯಿ ಮುಚ್ಚಿಕೊಂಡು ಮಾಡಿದ ಒಂದೇ ಕೆಲಸಕ್ಕೆ ಎದುರು ಅಂಗಡಿಯ ದರ್ಜಿ ಮಾವ ಅರ್ಧ ಕ್ಷೌರದಲ್ಲೇ ಎದ್ದು ಓಡಿದರು.

ಎಡಭಾಗ ಮುಗಿದಿತ್ತು. ಹೊದಿಸಿದ್ದ ಬಟ್ಟೆ ಜಾರಿತೆಂದು ಹಿಂದಿನಿಂದ ಎಳೆದು ಕುತ್ತಿಗೆಗೆ ಬಿಗಿದೆ, ಅಷ್ಟೇ. ಮಾವ ಬಟ್ಟೆಯ ಸಮೇತ ಬೀದಿ ದಾಟಿ, ತಮ್ಮ ಅಂಗಡಿಯ ಬಾಗಿಲು ಹಾಕಿಕೊಂಡರು. ನೋಡಿದವರು ಬಿದ್ದು ಬಿದ್ದು ನಕ್ಕರು.

ಮರುದಿನ ಆ ಬಟ್ಟೆ ಒಗೆದು ಮಡಿಚಿ ಅಕ್ಕನ ಕೈಯಲ್ಲಿ ಬಂತು. ಠಾಣೆಯಲ್ಲಿ ಚಿತ್ರಹಿಂಸೆ ಅನುಭವಿಸಿ ಬಂದವರಿಗೂ ಅವರ ಮನೆಯವರಿಗೂ ಜೊತೆಯಾಗಿ ನಿಲ್ಲುವ ಕೇಂದ್ರದವರು ಈ ಅಕ್ಕ.

"ಠಾಣೇಲಿ ಮಾವನಿಗೆ ಹಿಂದಿನಿಂದ ಹೀಗೇ ಬಟ್ಟೆ ಬಿಗೀತಿದ್ರಂತೆ. ನಿಂಗೆ ಹೇಳು ಅಂತ ಮಾವನೇ ಹೇಳಿದ್ರು," ಎಂದರು. "ನಾಳೆ ಕೋರ್ಟಲ್ಲಿ ಆ ಪೊಲೀಸರ ವಿರುದ್ಧ ಅವರ ಸಾಕ್ಷಿ ಇದೆ. ಈ ತಲೇಲಿ ಹೋದ್ರೆ ಹುಚ್ಚ ಅಂತಾರೆ, ಹೋಗಲ್ಲ ಅಂತ ಕೂತಿದಾರೆ."

"ನಾನೇನ್ ಮಾಡ್ಲಿ ಅಕ್ಕಾ?"

"ಬಟ್ಟೆ ಬೇಡ. ಮುಂದೆ ನಿಂತು ಕತ್ತರಿಸು. ಏನ್ ಮಾಡೋದಿದ್ರೂ ಮೊದಲು ಹೇಳು. ಕೈ ಎತ್ತಿದ್ರೆ ನಿಲ್ಸು."

ಸಂಜೆ ಮಾವ ಟೋಪಿ ಹಾಕಿಕೊಂಡು ಬಂದರು. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತರು, ಎದ್ದರು, ಹೊರಗೆ ಇಣುಕಿದರು, ಮತ್ತೆ ಕೂತರು. ಅಕ್ಕ ಬೆಂಚಿನಲ್ಲಿ ಹಳೇ ಪತ್ರಿಕೆ ತಿರುವುತ್ತಿದ್ದರು. ನಾನು ಕತ್ತರಿ ಹಿಡಿದು ಮಾವನ ಮುಂದೆ ನಿಂತೆ.

"ಮಾವ, ಬಾಚಣಿಗೆ ಇಡ್ತೀನಿ. ಬಲಗಡೆ. ಈಗ ಕತ್ತರಿ."

ಕೈ ಎತ್ತಿದರು, ನಿಲ್ಲಿಸಿದೆ. ಇಳಿಸಿದರು, ಶುರು ಮಾಡಿದೆ. ಮತ್ತೆ ಎತ್ತಿದರು. ಕಿವಿ ದಾಟುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

"ಏನೋ ಇದು, ಕ್ಷೌರಾನೋ ಕವಾಯತೋ?" ಮಾಲೀಕರು ಗೊಣಗಿದರು.

"ನಿಲ್ಸು ಅಂದ್ರೆ ನಿಲ್ಸೋರು ಸಿಗೋದೇ ಅಪರೂಪ ಸ್ವಾಮಿ," ಎಂದರು ಮಾವ. "ಸ್ವಲ್ಪ ಮಜಾ ತಗೋತೀನಿ, ಬಿಡಿ."

ಕೊನೆಗೆ ಕತ್ತಿನ ಹಿಂಭಾಗ ಮಾತ್ರ ಉಳಿಯಿತು. ಹೇಳಿದೆ. ಕೈ ಎತ್ತಿದರು. ಈ ಸಲ ಇಳಿಸಲಿಲ್ಲ.

"ಅಲ್ಲಿ ಬೇಡ."

"ಜಡೆ ಹೆಣೆಯೋ ಹಾಗಿದೆ ಮಾವ! ನನ್ನ ಮಾನ ಹೋಗುತ್ತೆ."

ಅಕ್ಕ ಪತ್ರಿಕೆಯಿಂದ ತಲೆ ಎತ್ತಿದರು. ನಾನು ಕತ್ತರಿ ಕೆಳಗಿಟ್ಟೆ.

ಮಾವ ಎದ್ದು ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡರು. ಟೋಪಿಯನ್ನು ಜೇಬಿಗೆ ತುರುಕಿದರು.

"ಜಡ್ಜು ಕೂರೋದು ನನ್ನ ಮುಂದೆ ಕಣೋ," ಎಂದರು. ಬಾಗಿಲವರೆಗೆ ಹೋದವರು ನಿಂತರು. "ನಾಳೆ ನೀನೂ ಬಾ. ನನ್ನ ಹಿಂದಿನ ಸಾಲಲ್ಲಿ ಕೂತ್ಕೊ. ಬೆನ್ನ ಹಿಂದೆ ಯಾರಿದಾರೆ ಅಂತ ನಂಗೆ ಗೊತ್ತಿರ್ಲಿ."