ಗಾದಿ ಕಾಕಾ ಹಾಕಿದ ಒಂದೇ ಒಂದು ಮತ

ಹೋದ ತಿಂಗಳು ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಗಾದಿಯೊಂದರ ಹೊಲಿಗೆ ಬಿಚ್ಚಿಕೊಂಡಿತು. ನಾನು ನೌಕರಿಗೆ ಹೊರಟಾಗ ಅವ್ವ ಮಾಡಿಸಿಕೊಟ್ಟ ಗಾದಿ. ಒಳಗಿನ ಅರಳೆ ಗಂಟುಗಂಟಾಗಿ ಹೊರಗೆ ಬಿತ್ತು. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದೆ. ಹತ್ತಿಬೀಜದ ಜಿಡ್ಡು, ಧೂಳು, ಯಾವ ಕಾಲದ್ದೋ ಬಿಸಿಲು... ಅದನ್ನು ಹಿಂಜಿ ತುಂಬಿದ ಮನುಷ್ಯ ನೆನಪಾದರು.

ನಾವೆಲ್ಲ ಅವರನ್ನು ಗಾದಿ ಕಾಕಾ ಎನ್ನುತ್ತಿದ್ದೆವು. ಸಿಂದಗಿಯ ನಮ್ಮ ಓಣಿಯಲ್ಲಿ ಕೊನೆಯ ಮನೆ ಅವರದು. ಅವರಪ್ಪ, ಅಜ್ಜ ಎಲ್ಲರೂ ಅದೇ ಊರಿನಲ್ಲಿ ಅರಳೆ ಹಿಂಜಿದವರು. ಹೆಗಲ ಮೇಲೆ ಆಳುದ್ದದ ಬಿಲ್ಲು, ಕೈಯಲ್ಲಿ ಕಟ್ಟಿಗೆಯ ಗುಂಡು. ಬಿಲ್ಲಿನ ತಂತಿಗೆ ಅವರು ಹೊಡೆದರೆ ಓಣಿಯೆಲ್ಲ ಝುಂಯ್ ಎನ್ನುತ್ತಿತ್ತು. ಹುಬ್ಬು, ಗಡ್ಡ, ಕಿವಿಯೊಳಗಿನ ಕೂದಲಿಗೂ ಅರಳೆ ಹತ್ತಿರುತ್ತಿತ್ತು. ಕಾಕಾನ ವಯಸ್ಸು ಎಷ್ಟೆಂದು ನನಗೆ ಎಂದೂ ಗೊತ್ತಾಗಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನಾಗ ಬಿಜಾಪುರದಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ಅಪ್ಪ ಚೀಲ ಹೊರುವ ಹಮಾಲ. ಇದ್ದ ಎರಡು ಅಂಗಿಗಳನ್ನೇ ಒಗೆದು ಒಗೆದು ಹಾಕಿಕೊಂಡು, ಮಠದ ಪ್ರಸಾದ ಉಂಡು ಓದಿದವನು ನಾನು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲಿಗ. ಆ ಹೆಮ್ಮೆ ಆಗ ಇತ್ತು, ಈಗಲೂ ಇದೆ, ಮುಚ್ಚಿಡುವುದಿಲ್ಲ. ಇಪ್ಪತ್ತೊಂದು ತುಂಬಿ ಮತದಾರರ ಪಟ್ಟಿಯಲ್ಲಿ ಮೊದಲ ಸಲ ಹೆಸರು ಬಂದಿತ್ತು. ಆ ವರ್ಷವೇ ಚುನಾವಣೆಯೂ ಬಂತು.

ಹಿಂದಿನ ಸಲ ನಮ್ಮ ಓಣಿಯ ಬಹಳ ಮಂದಿ ಮತಗಟ್ಟೆಯ ಕಡೆ ಸುಳಿದಿರಲಿಲ್ಲವಂತೆ. ಈ ಸಲ ಒಬ್ಬರೂ ತಪ್ಪಬಾರದೆಂದು ನಾನೇ ಹಠ ಹಿಡಿದೆ. ಯಾರೂ ನನಗೆ ಹೇಳಿರಲಿಲ್ಲ. ಮನೆ ಮನೆಗೆ ಹೋದೆ. ಬಳೆ ಮಾರುವ ಚಿಗವ್ವ, "ನಮ್ಮ ಮನಿಯವ್ರು ಹಾಕ್ತಾರಲ್ಲೋ, ಒಂದ ಮನಿಗೆ ಎಷ್ಟಂತ ಹಾಕೂದು?" ಎಂದಳು. ಎದುರು ಮನೆಯ ಗೌಂಡಿ ತಲೆಯನ್ನೂ ಎತ್ತಲಿಲ್ಲ. "ಅವ್ರು ನಳಾ ಕೊಟ್ಟು ನೀರ ಮರ್ತಾರ. ನಾ ಅವರ್ನ ಮರ್ತೇನಿ. ಸಮಾ ಆತು." ಇವರಿಗೆಲ್ಲ ನನ್ನ ಹತ್ತಿರ ಉತ್ತರವಿತ್ತು. ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ತಂದವನು ನಾನು.

ಗಾದಿ ಕಾಕಾ ಮಾತ್ರ ಪ್ರತಿ ಮತದಾನದ ದಿನ ಊರಲ್ಲೇ ಇರುತ್ತಿರಲಿಲ್ಲ. ಅಂಜುಬುರುಕ ಎಂದು ಜನ ನಗುತ್ತಿದ್ದರು. ಆ ಸಲ ಮತದಾನದ ಬೆಳಿಗ್ಗೆ ಬಸ್ ನಿಲ್ದಾಣಕ್ಕೇ ಹೋಗಿ ಅವರನ್ನು ಹಿಡಿದೆ. ಬಿಲ್ಲು ಒರಗಿಸಿಕೊಂಡು ದೇವರ ಹಿಪ್ಪರಗಿಯ ಬಸ್ಸಿಗೆ ಕಾಯುತ್ತಿದ್ದರು.

"ಎಲ್ಲಿಗ್ರಿ ಕಾಕಾ, ಇವತ್ತ ವೋಟ್ ಐತಲ್ಲ?"

"ಅದಕ್ಕ ಹೊಂಟೇನೋ ಬಿ.ಎ." ಎಂದರು. ನನ್ನನ್ನು ಹಾಗೇ ಕರೆಯುತ್ತಿದ್ದರು. ಆಮೇಲೆ ಅತ್ತಿತ್ತ ನೋಡಿ, ಧ್ವನಿ ತಗ್ಗಿಸಿ ಹೇಳಿದರು. "ಗೌಡ್ರು ಕೈಯಾಗ ದರ್ಗಾದ ಸಕ್ಕರಿ ಹಾಕಿ ಆಣಿ ಮಾಡಿಸ್ಯಾರ. ಅಡತಿ ಸಾವಕಾರ ಹತ್ತಿ ಅಂಡಿಗಿ ಮ್ಯಾಲ ಕೈ ಇಡಿಸಿ, ಇದು ನಿನ್ನ ಅನ್ನ, ಮುಟ್ಟಿ ಹೇಳು ಅಂದಾನ. ಒಬ್ಬರ ಪಾರ್ಟಿ ಒಂದು, ಇನ್ನೊಬ್ಬರದು ಇನ್ನೊಂದು. ಒಬ್ಬರ ಮನ್ಯಾಗ ನನ್ನ ಕೆಲಸ, ಇನ್ನೊಬ್ಬರ ಅಂಗಡ್ಯಾಗ ಅರಳಿ. ಉಹೂಂ ಅಂತ ಹೆಂಗ ಅನ್ಲಿ? ಪ್ರತಿ ಸಲ ಇದ ಹಾಡು. ಅದಕ್ಕ ಅಕ್ಕನ ಊರಿಗೆ ಹೋಗ್ತೇನಿ, ಆಣಿ ಬಿಟ್ಟಬಿಡ್ರಿ ಅಂತ ಇಬ್ಬರಿಗೂ ಹೇಳಿ ಹೊಂಡ್ತೇನಿ. ಬಿಡ್ತಾರ."

"ಪೆಟಗ್ಯಾಗ ಹಾಕಿದ್ದು ಯಾರಿಗೂ ಗೊತ್ತಾಗೂದಿಲ್ರಿ ಕಾಕಾ. ಕಾಯ್ದೆ ಐತಿ."

"ಅವರಿಗೆ ಗೊತ್ತಾಗೂದಿಲ್ಲೋ. ನನಗ ಗೊತ್ತಿರತೈತಲ್ಲ."

ಬಸ್ಸು ಬಂದು ನಿಂತಿತು. ಅವಸರದಲ್ಲಿ ಬಾಯಿಗೆ ಬಂದದ್ದು ಹೇಳಿದೆ. "ಹಂಗಾದ್ರ ಇಬ್ಬರ ಗುರ್ತಿನ ಮ್ಯಾಲೂ ಒಂದೊಂದ ಸಿಕ್ಕಾ ಹೊಡೀರಿ. ಇಬ್ಬರ ಮಾತೂ ನಡಿಸಿದಂಗ ಆಗತೈತಿ."

ಕಾಕಾ ಬಸ್ಸಿನ ಮೆಟ್ಟಿಲ ಮೇಲಿಟ್ಟ ಕಾಲು ತೆಗೆದರು. "ಹಂಗ ನಡೀತೈತಿ?"

"ನಡೀತೈತ್ರಿ."

ಎರಡು ಸಿಕ್ಕಾ ಬಿದ್ದ ಚೀಟಿಯನ್ನು ಎಣಿಸುವಾಗ ತೆಗೆದು ಒಗೆಯುತ್ತಾರೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಓಣಿಯ ಒಂದು ತಲೆಯೂ ತಪ್ಪಬಾರದೆಂಬ ಹಠವೋ, ಬಿ.ಎ. ಓದಿದವನಿಗೆ ಉತ್ತರ ಗೊತ್ತಿಲ್ಲ ಎನ್ನಲು ನಾಚಿಕೆಯೋ... ಇಂದಿಗೂ ನನಗೆ ಬಗೆಹರಿದಿಲ್ಲ.

ಕಾಕಾ ಮತ ಹಾಕಿ ಬಂದರು. ಬೆರಳಿನ ಶಾಯಿಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡರು. "ನೀ ಕಲ್ತಿದ್ದು ನನಗರೆ ಉಪಯೋಗ ಆತ ನೋಡು" ಎಂದರು. ಸಂಜೆ ಗೌಡರ ವಾಡೆಗೂ ಅಡತಿ ಅಂಗಡಿಗೂ ಹೋಗಿ, ಊರಿಗೆ ಹೋಗಲಿಲ್ಲ, ಕೊಟ್ಟ ಮಾತು ನಡೆಸಿದೆ ಎಂದು ಹೇಳಿಯೂ ಬಂದರಂತೆ.

ಎಣಿಕೆಯ ಮರುದಿನ ಚಹಾದ ಅಂಗಡಿಯಲ್ಲಿ ಪೇಪರ್ ಓದಿ ಹೇಳುವ ಕೆಲಸ ನನ್ನದು. ಗೆದ್ದವರ ಹೆಸರು, ಬಿದ್ದ ಮತ ಓದಿದೆ. ಅದೇ ಓಘದಲ್ಲಿ ಕೊನೆಯ ಸಾಲನ್ನೂ ಓದಿಬಿಟ್ಟೆ, ಕುಲಗೆಟ್ಟ ಮತಗಳು ಇಷ್ಟು ಎಂದು. ಹಾಗೆಯೇ ಬರೆಯುತ್ತಿದ್ದರು ಆಗ.

"ಅವು ಯಾವುವೋ?" ಮೂಲೆಯಲ್ಲಿ ಕೂತಿದ್ದ ಕಾಕಾ ಕೇಳಿದರು.

ನಾನು ಪೇಪರ್ ಮಡಚಿದೆ. ಚಹಾ ಸೋಸುತ್ತಿದ್ದ ಅಂಗಡಿಯವನೇ ಉತ್ತರ ಕೊಟ್ಟ. "ಏನಿಲ್ಲೋ ಕಾಕಾ, ಎರಡೆರಡ ಕಡೆ ಸಿಕ್ಕಾ ಹೊಡದಿರ್ತಾರಲ್ಲ ಶಾಣ್ಯಾರು, ಅವು. ಯಾರಿಗೂ ಹೋಗೂದಿಲ್ಲ, ರದ್ದಿ."

ಎಲ್ಲರೂ ನಕ್ಕರು. ಕಾಕಾ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದ್ದೇ ಅವರಿಗೆ ಸಾಕಾಯಿತು. ಅರ್ಧ ಕುಡಿದ ಚಹಾದ ಬಸಿ ಕೆಳಗಿಟ್ಟು ಎದ್ದು ಹೋದರು. ನಾನು ಬೆನ್ನು ಹತ್ತಿದೆ.

"ಅಂದ್ರ ನಾ ಇಬ್ಬರ ಮುಂದೂ ಸುಳ್ಳ ಹೇಳಿ ಬಂದಂಗಾತು" ಎಂದರು, ನಡೆಯುತ್ತಲೇ.

"ಯಾರಿಗೆ ಗೊತ್ತಾಗ್ತೈತ್ರಿ ಕಾಕಾ, ಬಿಡ್ರಿ."

ಅವರು ನೇರ ಗೌಡರ ವಾಡೆಗೆ ಹೋದರು. ಅಲ್ಲಿಂದ ಅಡತಿ ಅಂಗಡಿಗೆ. ಇಬ್ಬರಿಗೂ ಆಣೆ ಮಾಡಿದ್ದು, ಎರಡು ಸಿಕ್ಕಾ ಹೊಡೆದದ್ದು, ಎಲ್ಲ ಹೇಳಿಕೊಂಡರು. ಹಾಗೆ ಮಾಡೆಂದು ಹೇಳಿಕೊಟ್ಟವರ ಹೆಸರು ಮಾತ್ರ ಹೇಳಲಿಲ್ಲವಂತೆ. ನಾನು ವಾಡೆಯ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಒಳಗೆ ಹೋಗಿ, ತಪ್ಪು ನಂದು ಎನ್ನಬಹುದಿತ್ತು. ಹೋಗಲಿಲ್ಲ.

ಗೌಡರ ಮಗಳ ಮದುವೆಯ ಗಾದಿಗಳು ಬೇರೆಯವರ ಪಾಲಾದವು. ಸಾವಕಾರ ಅರಳೆ ಕೊಡುವುದನ್ನು ನಿಲ್ಲಿಸಿದ. ಕಾಕಾ ಬಿಲ್ಲು ಹೊತ್ತು ಮುದ್ದೇಬಿಹಾಳ, ಇಂಡಿ ಎಂದು ಊರೂರು ತಿರುಗಿದರು. ನನಗೆ ಮಾಸ್ತರಿಕೆ ಸಿಕ್ಕಿತು. ಅವ್ವ ಹೇಳಿ ಕಳಿಸಿದಾಗ ಬಂದು ನನ್ನ ಗಾದಿಯನ್ನೂ ಮಾಡಿಕೊಟ್ಟರು, ಬೆಳೆದ ಮಗನಿಗೆ ಮಾಡಿದ ಹಾಗೆ, ದಪ್ಪಗೆ.

ಮುಂದಿನ ಚುನಾವಣೆಯಲ್ಲಿ ರಜೆಗೆ ಊರಿಗೆ ಬಂದಿದ್ದೆ. ಮತದಾನದ ದಿನ ಓಣಿಯ ಕೊನೆಯಿಂದ ಬಿಲ್ಲಿನ ಸದ್ದು ಕೇಳಿತು. ಹೋದೆ. ಕಾಕಾ ಅರಳೆಯ ಗುಡ್ಡದ ನಡುವೆ ಕೂತಿದ್ದರು.

"ಅಕ್ಕನ ಊರಿಗೆ ಹೋಗಲಿಲ್ಲೇನ್ರಿ?"

"ಈಗ ಯಾರೂ ಆಣಿ ಮಾಡಸಾಕ ಬರೂದಿಲ್ಲೋ. ಆ ತ್ರಾಸ ಹೋತು."

"ಹಂಗಾದ್ರ ಮನಸ್ಸಿಗೆ ಬಂದಾಂವಗ ಹಾಕಿ ಬರ್ರಿ. ನಾನೂ ಬರ್ತೇನಿ."

ಗುಂಡು ಎತ್ತಿದ ಕೈ ಹಾಗೇ ನಿಂತಿತು. "ನನ್ನ ಮಾತ ಯಾರಿಗೂ ಬ್ಯಾಡಾಗೇತಿ, ವೋಟ್ ತಗೊಂಡು ಏನ ಮಾಡ್ತಾರ? ನೀ ಹಾಕಿ ಬಾ. ನಿನಗ ಸಸಾರ. ನಿನ್ನ ಯಾವತ್ತೂ ಯಾರೂ ಆಣಿ ಕೇಳಿಲ್ಲಲ್ಲ."

ಮತ್ತೆ ತಂತಿ ಮೀಟಿದರು. ಮಾತಾಡಿದರೂ ಕೇಳಿಸದ ಸದ್ದು.

ನನಗೆ ಬಸವನ ಬಾಗೇವಾಡಿಗೆ ವರ್ಗವಾಗಿದ್ದಾಗ ಕಾಕಾ ತೀರಿಕೊಂಡ ಸುದ್ದಿ ಬಂತು, ಹದಿನೈದು ದಿನ ತಡವಾಗಿ. ತಪ್ಪಾಯಿತು ಎಂದು ನಾನು ಹೇಳಿಯೇ ಇರಲಿಲ್ಲ.

ಈಗಲೂ ಚುನಾವಣೆ ಬಂದಾಗ ಪಟ್ಟಣದ ಜನ ಯಾಕೆ ಮತ ಹಾಕುವುದಿಲ್ಲ ಎಂದು ಪೇಪರಿನಲ್ಲಿ ಬರೆಯುತ್ತಾರೆ. ಆಲಸ್ಯ, ರಜೆಯ ಮೋಜು, ಬೇಸರ. ನಿವೃತ್ತ ಮಾಸ್ತರ ಎಂದು ನನ್ನನ್ನೂ ಭಾಷಣಕ್ಕೆ ಕರೆಯುತ್ತಾರೆ. ನಾನೂ ಅದನ್ನೇ ಹೇಳಿ ಬರುತ್ತೇನೆ. ಕಾಕಾನನ್ನು ಅದರಲ್ಲಿ ಯಾವ ಸಾಲಿಗೆ ಸೇರಿಸಬೇಕೋ ತಿಳಿಯುವುದಿಲ್ಲ. ನಿನ್ನ ಯಾರೂ ಆಣಿ ಕೇಳಿಲ್ಲ ಎಂದು ಅವರು ಅಂದು ನನ್ನನ್ನು ಹೊಗಳಿದರೋ, ಬೈದರೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೋ... ಕೇಳೋಣವೆಂದರೆ ಅವರಿಲ್ಲ. ನಾನು ಒಂದು ಚುನಾವಣೆಯನ್ನೂ ತಪ್ಪಿಸಿದವನಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬರೂ ಬಂದು ನನ್ನ ಕೈಯಲ್ಲಿ ಸಕ್ಕರೆ ಇಟ್ಟು, ಮಾತು ಕೊಡು ಎಂದಿಲ್ಲ.